ಕಾಯಿಲೆ ಸೇವೆಯಿಂದಲೇ ಬಂತು ಅಂತ ಸೈನಿಕನೇ ಯಾಕೆ ಸಾಬೀತು ಮಾಡಬೇಕು?

ಇರಾಕ್, ಅಫ್ಘಾನಿಸ್ತಾನದ ಅಮೆರಿಕನ್ ಸೇನಾ ನೆಲೆಗಳಲ್ಲಿ ಕಸಕ್ಕೆ ಇದ್ದ ಪರಿಹಾರ ಸರಳ. ದೊಡ್ಡ ಗುಂಡಿ ತೋಡಿ, ಎಲ್ಲವನ್ನೂ ಸುರಿದು, ವಿಮಾನದ ಇಂಧನ ಹಾಕಿ ಬೆಂಕಿ ಹಚ್ಚುವುದು. ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆಯ ತ್ಯಾಜ್ಯ, ಮಲ, ಎಲ್ಲವೂ ಅಲ್ಲೇ ಉರಿಯುತ್ತಿದ್ದವು. ಆ ಹೊಗೆಯ ಪಕ್ಕದಲ್ಲೇ ಸೈನಿಕರು ಉಂಡು ಮಲಗಿದರು. ಊರಿಗೆ ಮರಳಿದ ಮೇಲೆ ಕೆಲವರಿಗೆ ಉಸಿರಾಟದ ತೊಂದರೆ, ಕೆಲವರಿಗೆ ಕ್ಯಾನ್ಸರ್ ಬಂತು.

ಪರಿಹಾರ ಕೇಳಿದರೆ ಮಾಜಿ ಸೈನಿಕರ ಇಲಾಖೆಯದ್ದು ಒಂದೇ ಪ್ರಶ್ನೆ: ಇದು ಆ ಹೊಗೆಯಿಂದಲೇ ಬಂತು ಅನ್ನೋಕೆ ಸಾಕ್ಷಿ ಎಲ್ಲಿ? ಯಾರು ಎಷ್ಟು ಹೊಗೆ ಕುಡಿದರು ಅಂತ ಯಾರು ಬರೆದಿಟ್ಟಿರುತ್ತಾರೆ? ಹೆಚ್ಚಿನ ಅರ್ಜಿಗಳು ತಿರಸ್ಕೃತವಾದವು.

ಕಾಯ್ದೆ ಬದಲಿಸಿದ್ದು ಏನು?

2022ರ ಆಗಸ್ಟ್ 10ರಂದು ಜಾರಿಯಾದ 'ಪ್ಯಾಕ್ಟ್ ಕಾಯ್ದೆ' ಈ ಪ್ರಶ್ನೆಯನ್ನೇ ತಿರುಗಿಸಿತು. ಇರಾಕ್‌ನಲ್ಲಿ ಸೇವೆ ಸಲ್ಲಿಸಿ, 2020ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ ಹೀತ್ ರಾಬಿನ್ಸನ್ ಅವರ ಹೆಸರು ಅದಕ್ಕಿದೆ. ನಿಗದಿತ ಸ್ಥಳದಲ್ಲಿ, ನಿಗದಿತ ಅವಧಿಯಲ್ಲಿ ಕೆಲಸ ಮಾಡಿದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ, ಅದು ಸೇವೆಯಿಂದಲೇ ಬಂತು ಅಂತ ಸರ್ಕಾರ ಒಪ್ಪಿಕೊಳ್ಳಬೇಕು. ಅರ್ಜಿದಾರ ಕಾರಣ ಹುಡುಕಿ ತರಬೇಕಿಲ್ಲ. 2024ರ ಮೇ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಮಂಜೂರಾದವು. ಹಾಗಂತ ಎಲ್ಲವೂ ಸರಿಹೋಗಿಲ್ಲ. ಪಟ್ಟಿಯಲ್ಲಿಲ್ಲದ ಕಾಯಿಲೆಯವರು ಇವತ್ತಿಗೂ ಹಳೆಯ ಸರದಿಯಲ್ಲೇ ನಿಂತಿದ್ದಾರೆ.

ಇದೂ ಸುಲಭವಾಗಿ ಸಿಗಲಿಲ್ಲ. 2022ರ ಜುಲೈ 27ರಂದು ಮಸೂದೆ ಮುಂದೆ ಸಾಗಲು ಸೆನೆಟ್‌ನಲ್ಲಿ 60 ಮತ ಬೇಕಿತ್ತು, ಬಿದ್ದದ್ದು 55. ಜೂನ್‌ನಲ್ಲಿ ಕೈ ಎತ್ತಿದ್ದ ಹಲವು ರಿಪಬ್ಲಿಕನ್ನರು ಖರ್ಚಿನ ಲೆಕ್ಕದ ತಕರಾರು ತೆಗೆದು ಹಿಂದೆ ಸರಿದಿದ್ದರು. ಮಾಜಿ ಸೈನಿಕರು ಸಂಸತ್ತಿನ ಮೆಟ್ಟಿಲ ಮೇಲೇ ರಾತ್ರಿ ಕಳೆದರು. ಆಗಸ್ಟ್ 2ರಂದು ಅದೇ ಮಸೂದೆ 86-11ರಲ್ಲಿ ಪಾಸಾಯಿತು.

ನಮ್ಮಲ್ಲಿ?

ಇದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟ್‌ಗೂ ಬಂದಿತ್ತು. ಧರಂವೀರ್ ಸಿಂಗ್ ಎಂಬ ಸೈನಿಕನನ್ನು ಮೂರ್ಛೆರೋಗದ ಕಾರಣಕ್ಕೆ ಸೇನೆ ಹೊರಕಳಿಸಿತ್ತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಅಂತ ಅಂಗವೈಕಲ್ಯ ಪಿಂಚಣಿ ನಿರಾಕರಿಸಿತ್ತು. 2013ರಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ದಾಖಲಾಗದ ರೋಗ ಆಮೇಲೆ ಬಂದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲ ಎನ್ನುವುದಾದರೆ ಸಾಬೀತು ಮಾಡುವ ಹೊಣೆ ಸರ್ಕಾರದ್ದು ಎಂದಿತು.

ತತ್ವ ಅದೇ, ಆದರೆ ಅಡಿಪಾಯ ಬೇರೆ. ಅಲ್ಲಿ ಅದು ಸಂಸತ್ತು ಮತ ಹಾಕಿ ಮಾಡಿದ ಕಾಯ್ದೆ. ಇಲ್ಲಿ ಕೋರ್ಟ್ ಆಧರಿಸಿದ್ದು ರಕ್ಷಣಾ ಸಚಿವಾಲಯದ 1982ರ ಅರ್ಹತಾ ನಿಯಮಗಳನ್ನು. 2023ರ ಸೆಪ್ಟೆಂಬರ್‌ನಲ್ಲಿ ಸಚಿವಾಲಯ ಹೊಸ ಅರ್ಹತಾ ನಿಯಮಗಳನ್ನು ತಂದಾಗ ಸಂಸತ್ತಿನ ಮತವೇ ಬೇಕಾಗಲಿಲ್ಲ.

ಕಾಯ್ದೆ ಬದಲಿಸಲು ಹೊರಟವರು ಅದನ್ನು ಸದನದ ಮುಂದಿಟ್ಟು ಒಪ್ಪಿಗೆ ಪಡೆಯಬೇಕಾಗುತ್ತದೆ. ನಿಯಮ ಬದಲಿಸಲು ಒಂದು ಆದೇಶ ಸಾಕು. ಸೈನಿಕರ ಹೆಸರಲ್ಲಿ ಮತ ಕೇಳುವ ಪಕ್ಷಗಳಿಗೆ ನಾವು ಕೇಳಬೇಕಾದದ್ದು ಇಷ್ಟೇ: ಸಾಬೀತಿನ ಹೊಣೆ ಸರ್ಕಾರದ್ದು ಅನ್ನೋ ಮಾತನ್ನು ಕಾಯ್ದೆಯಲ್ಲಿ ಯಾವಾಗ ಬರೆಯುತ್ತೀರಿ?