ತಲೆಯ ಮೇಲೆ ಹಾದ ವಿಮಾನ ನಿಜಕ್ಕೂ ತೀರಾ ಕೆಳಗಿತ್ತೇ?

“ಇವತ್ತು ಒಂದು ಫ್ಲೈಟು ಎಷ್ಟು ಕೆಳಗೆ ಬಂತು ಅಂದರೆ, ಇನ್ನೇನು ನಮ್ಮ ನೀರಿನ ಟ್ಯಾಂಕಿಗೆ ಬಡಿದೇಬಿಡುತ್ತಿತ್ತು.” ವಿಮಾನ ನಿಲ್ದಾಣದ ಆಸುಪಾಸಿನ ಬಡಾವಣೆಗಳಲ್ಲಿ ಇದು ಆಗಾಗ ಕಿವಿಗೆ ಬೀಳುವ ಮಾತು. ಹೇಳುವವರ ಭಯ ನಿಜವಾದದ್ದೇ, ಆದರೆ ಎತ್ತರದ ಅಂದಾಜು ಹೆಚ್ಚಾಗಿ ತಪ್ಪಿರುತ್ತದೆ.

ಇಳಿಯಲು ಬರುವ ವಿಮಾನಕ್ಕೆ ಗಾಳಿಯಲ್ಲೇ ಒಂದು ಇಳಿಜಾರಿನ ದಾರಿ ಗೊತ್ತುಮಾಡಿರುತ್ತಾರೆ. ಬಹುಪಾಲು ನಿಲ್ದಾಣಗಳಲ್ಲಿ ಅದು 3 ಡಿಗ್ರಿ, ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್ ಇಳಿತ. ರನ್‌ವೇಯ ಅಂಚು ದಾಟುವಾಗ ಸುಮಾರು 15 ಮೀಟರ್ ಮೇಲಿರಬೇಕು. ಈ ಲೆಕ್ಕದಲ್ಲಿ, ಸಮತಟ್ಟು ನೆಲವಾದರೆ, ಅಂಚಿನಿಂದ ಒಂದು ಕಿಲೋಮೀಟರ್ ದೂರದ ಮನೆಯ ಮೇಲೆ ವಿಮಾನ ಹಾಯುವುದೇ 67 ಮೀಟರ್ ಎತ್ತರದಲ್ಲಿ. ಮನೆಯವರು ಬೆಚ್ಚಿಬೀಳುವಷ್ಟು ಹತ್ತಿರ ಅದು, ಆದರೂ ಸರಿಯಾದ ಎತ್ತರವೇ.

ಇದರ ಮೇಲೆ ಕಣ್ಣಿನ ಮೋಸ ಬೇರೆ. ಎಟಿಆರ್ 72 ವಿಮಾನದ ರೆಕ್ಕೆಗಳ ಅಗಲ 27 ಮೀಟರ್, ಬೋಯಿಂಗ್ 777-300ಇಆರ್‌ದು ಸುಮಾರು 65 ಮೀಟರ್. ಎರಡೂ ಒಂದೇ ಎತ್ತರದಲ್ಲಿ ಹಾದರೂ ದೊಡ್ಡದು ತೀರಾ ಕೆಳಗೆ, ತೀರಾ ನಿಧಾನವಾಗಿ ಬಂದಂತೆ ತೋರುತ್ತದೆ.

ಮೊಬೈಲ್ ಆ್ಯಪ್ ನೋಡಿ ಎತ್ತರ ಹೇಳುವವರೂ ಎಚ್ಚರದಿಂದಿರಬೇಕು. ಅಲ್ಲಿ ಕಾಣುವ ಅಂಕಿ ನೆಲದಿಂದ ಅಳೆದದ್ದಲ್ಲ, ಹೆಚ್ಚುಕಡಿಮೆ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು. ದೇವನಹಳ್ಳಿಯ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಸಾಲದ್ದಕ್ಕೆ ಆ ಅಂಕಿಯನ್ನು ಸಾಮಾನ್ಯವಾಗಿ ಆ ದಿನದ ಗಾಳಿಯ ಒತ್ತಡಕ್ಕೆ ಸರಿಹೊಂದಿಸಿರುವುದಿಲ್ಲ, ನೂರಾರು ಅಡಿ ಆಚೀಚೆ ಆಗಬಹುದು.

ಪೈಲಟ್ ನೆಚ್ಚುವುದು ಇಂಥ ಅಂದಾಜನ್ನಲ್ಲ. ರನ್‌ವೇ ಪಕ್ಕದಲ್ಲಿ ‘ಪಾಪಿ’ ಎಂಬ ನಾಲ್ಕು ದೀಪಗಳ ಸಾಲು ಇರುತ್ತದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಬಿಳಿಯಾದರೆ ಮೇಲಿದ್ದೀರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ.

ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯಕಾರಿ: “ಕೆಳಗೆ ಬಂದುಬಿಟ್ಟರೆ ಮೂತಿ ಮೇಲೆತ್ತಿದರಾಯಿತು.” ಬರೀ ಮೂತಿ ಎತ್ತಿದರೆ ವಿಮಾನದ ವೇಗ ಕರಗುತ್ತದೆ. ಮೇಲೇರಬೇಕಾದರೆ ಎಂಜಿನ್ನಿನ ಬಲ ಬೇಕು, ಜೆಟ್ ಎಂಜಿನ್ ಅದನ್ನು ತಕ್ಷಣ ಕೊಡುವುದಿಲ್ಲ. ಕನಿಷ್ಠ ಶಕ್ತಿಯಿಂದ ಪೂರ್ಣ ಶಕ್ತಿಗೆ ಬರಲು ಅದಕ್ಕೆ ಹಲವು ಸೆಕೆಂಡುಗಳೇ ಬೇಕು.

ಆ ಸೆಕೆಂಡುಗಳ ಬೆಲೆ ಏನೆಂದು ಬೆಂಗಳೂರು ಕಂಡಿದೆ. 1990ರ ಫೆಬ್ರುವರಿ 14ರ ಮಧ್ಯಾಹ್ನ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಫ್ಲೈಟ್ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುವುದರಲ್ಲಿತ್ತು. ಆಕಾಶ ಶುಭ್ರವಾಗಿತ್ತು, ಏರ್‌ಬಸ್ ಎ320 ಆಗಿನ್ನೂ ಹೊಸ ಮಾದರಿ. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ವ್ಯವಸ್ಥೆ ಎಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲೇ ಇಟ್ಟಿತ್ತು, ಅದು ಕಾಕ್‌ಪಿಟ್‌ನಲ್ಲಿದ್ದವರ ಗಮನಕ್ಕೆ ಬರುವಾಗ ಹೊತ್ತು ಮೀರಿತ್ತು. 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿದಿತ್ತು. ಕೊನೆಗೆ ಪೂರ್ಣ ಶಕ್ತಿ ಕೇಳಿದರು, ಎಂಜಿನ್ ಚೇತರಿಸಿಕೊಳ್ಳುವಷ್ಟರಲ್ಲಿ ನೆಲ ಬಂದಿತ್ತು. ರನ್‌ವೇಗೆ ಸುಮಾರು 700 ಮೀಟರ್ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ಮಣ್ಣಿನ ಏರಿಗೆ ಅಪ್ಪಳಿಸಿ ಹೊತ್ತಿಕೊಂಡಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು.

“ಅದು ಹಳೆಯ ಕಾಲ, ಈಗ ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ” ಎನ್ನುವವರು 2013ರ ಜುಲೈ 6ರ ಸ್ಯಾನ್ ಫ್ರಾನ್ಸಿಸ್ಕೊ ಅಪಘಾತವನ್ನು ಗಮನಿಸಬೇಕು. ಏಷ್ಯಾನಾ ಏರ್‌ಲೈನ್ಸ್‌ನ ಬೋಯಿಂಗ್ 777 ಅಲ್ಲಿನ ಕಡಲ ತಡೆಗೋಡೆಗೆ ಬಾಲ ಬಡಿದು ಉರುಳಿತು, ಮೂವರು ಸತ್ತರು. ರೇಡಿಯೊ ಮೂಲಕ ಇಳಿಜಾರು ತೋರಿಸುವ ಗ್ಲೈಡ್ ಸ್ಲೋಪ್ ಆ ದಿನ ಬಂದ್ ಆಗಿದ್ದದ್ದೇ ಕಾರಣ ಎಂದು ಹಲವರು ಈಗಲೂ ತಿಳಿದಿದ್ದಾರೆ. ಆದರೆ ಹವೆ ಚೆನ್ನಾಗಿತ್ತು, ರನ್‌ವೇ ಕಣ್ಣೆದುರೇ ಇತ್ತು, ಪಾಪಿ ದೀಪಗಳು ಉರಿಯುತ್ತಿದ್ದವು. ವೇಗವನ್ನು ಆಟೋಥ್ರಾಟಲ್ ಕಾಯುತ್ತಿದೆ ಎಂದು ಪೈಲಟ್‌ಗಳು ನಂಬಿದ್ದರು, ಅದು ಕಾಯುತ್ತಿರಲಿಲ್ಲ. 137 ನಾಟ್ ಇರಬೇಕಾದಲ್ಲಿ ವೇಗ 103ಕ್ಕೆ ಇಳಿದಿತ್ತು. ಬೆಂಗಳೂರಿನ ದುರಂತವಾಗಿ 23 ವರ್ಷಗಳ ನಂತರವೂ ತಪ್ಪಿನ ಬಗೆ ಹೆಚ್ಚುಕಡಿಮೆ ಅದೇ ಎಂಬುದು ನನ್ನನ್ನು ತುಂಬಾ ಕಾಡುತ್ತದೆ.

ಎತ್ತರದಲ್ಲಿದ್ದರೆ ಕ್ಷೇಮ ಎಂಬುದೂ ಸುಳ್ಳೇ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನ ಇರಬೇಕಾದ್ದಕ್ಕಿಂತ ಬಹಳ ಮೇಲಿಂದ, ವೇಗವಾಗಿ ಬಂದಿತ್ತು. ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ‘ಗೋ ಅರೌಂಡ್’, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು.

ಈ ಗೋ ಅರೌಂಡ್ ಬಗ್ಗೆಯೇ ಪ್ರಯಾಣಿಕರಿಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಇನ್ನೇನು ಇಳಿಯಿತು ಎನ್ನುವಾಗ ಎಂಜಿನ್ ಗರ್ಜಿಸಿ, ಮೈ ಸೀಟಿಗೆ ಒತ್ತಿ, ವಿಮಾನ ಮತ್ತೆ ಮೇಲೇರಿದರೆ “ಅಪಘಾತ ಕೂದಲೆಳೆಯಲ್ಲಿ ತಪ್ಪಿತು” ಎಂದು ಸುದ್ದಿಯಾಗುತ್ತದೆ. ವಾಸ್ತವದಲ್ಲಿ ಅದು ಪೈಲಟ್‌ಗಳು ಮತ್ತೆ ಮತ್ತೆ ಅಭ್ಯಾಸ ಮಾಡುವ ಮಾಮೂಲಿ ಕ್ರಮ. ಸಾಮಾನ್ಯವಾಗಿ ನೆಲದಿಂದ 1,000 ಅಡಿ ಎತ್ತರಕ್ಕೆ ಬರುವ ಹೊತ್ತಿಗೆ ವೇಗ, ಇಳಿಜಾರು, ಎಂಜಿನ್ ಶಕ್ತಿ ಎಲ್ಲವೂ ಹದಕ್ಕೆ ಬಂದಿರಬೇಕು. ಬಂದಿರದಿದ್ದರೆ ಒಂದು ಸುತ್ತು ಹಾಕಿ ಮತ್ತೆ ಬರುವುದೇ ನಿಯಮ. ಅದಕ್ಕೆ ತಗಲುವುದು ಒಂದಷ್ಟು ಇಂಧನ, ಒಂದಷ್ಟು ನಿಮಿಷ.