ಮರುಭೂಮಿಯ ನೆತ್ತಿಯಲ್ಲಿ ಒಂದು ಬಿಡಾರ

‘ಮರು’ ಎಂಬ ಸಂಸ್ಕೃತ ಶಬ್ದಕ್ಕೆ ಕೋಶಕಾರರು ಎರಡು ಅರ್ಥಗಳನ್ನು ಹೇಳುತ್ತಾರೆ: ನೀರಿಲ್ಲದ ನೆಲ ಒಂದು, ಪರ್ವತ ಮತ್ತೊಂದು. ಅಮರಕೋಶವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ವಯಸ್ಸು ಕಳೆದ ನಮಗೆ, ಈ ಎರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ಕೂಡಿದುವೆಂಬುದು ಬಹುಕಾಲ ಒಗಟಾಗಿದ್ದಿತು. ಲಡಾಖಿನಲ್ಲಿ ಅದು ತಾನಾಗಿ ಬಿಡಿಸಿಕೊಂಡಿತು. ಅಲ್ಲಿ ಬೆಟ್ಟವೇ ಮರುಭೂಮಿ, ಮರುಭೂಮಿಯೇ ಬೆಟ್ಟ.

೨೦೧೯ರಿಂದ ಕೇಂದ್ರಾಡಳಿತ ಪ್ರದೇಶವಾಗಿರುವ ಈ ಸೀಮೆಯ ಲೇಹ್ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು ೧೧,೫೦೦ ಅಡಿ ಎತ್ತರದಲ್ಲಿದೆ. ಮುಂಗಾರಿನ ಮೋಡಗಳು ಹಿಮಾಲಯದ ದಕ್ಷಿಣ ಪಾರ್ಶ್ವದಲ್ಲಿಯೇ ತಮ್ಮ ಸರ್ವಸ್ವವನ್ನೂ ಸುರಿದುಬಿಡುವುದರಿಂದ ಇಲ್ಲಿಗೆ ಉಳಿಯುವುದು ವರ್ಷಕ್ಕೆ ನಾಲ್ಕಂಗುಲದಷ್ಟು ಮಳೆ ಮಾತ್ರ. ನಮ್ಮ ಆಗುಂಬೆಯಲ್ಲಿ ೨೫೦ ಅಂಗುಲ ಮೀರುವುದನ್ನು ನೆನೆದರೆ ವ್ಯತ್ಯಾಸವು ತಿಳಿದೀತು. ಹಿಮ ಕರಗಿ ಹರಿಯುವ ತೊರೆಗಳ ಪಕ್ಕದಲ್ಲಿ ಹಸುರಿನ ಒಂದು ಗೆರೆ. ಆಚೆಗೆಲ್ಲ ಕಂದು, ಕೆಂಪು, ಬೂದಿಬಣ್ಣದ ಬೋಳುಕಲ್ಲು.

ನಾವು ಹೊರಟದ್ದು ಮಾರ್ಖಾ ಕಣಿವೆಯ ತುದಿಯಲ್ಲಿರುವ ನಿಮಾಲಿಂಗ್ ಎಂಬ ಎತ್ತರದ ಹುಲ್ಲುಗಾವಲಿಗೆ. ೧೯೮೧ರಲ್ಲಿ ಸ್ಥಾಪಿತವಾದ ಹೆಮಿಸ್ ರಾಷ್ಟ್ರೀಯ ಉದ್ಯಾನದ ಸೀಮೆ ಇದು, ಹಿಮಚಿರತೆಯ ನೆಲೆ. ೨೦೨೨ರ ಸೆಪ್ಟೆಂಬರು ತಿಂಗಳು. ನಮ್ಮೊಡನೆ ನಮ್ಮ ತಂಗಿಯ ಒಬ್ಬನೇ ಮಗನೂ, ಅವನ ಇಬ್ಬರು ಗೆಳೆಯರೂ, ಲಡಾಖಿನವನೇ ಆದ ಒಬ್ಬ ಮಾರ್ಗದರ್ಶಕನೂ ಇದ್ದರು. ಗುಡಾರ, ಹಾಸಿಗೆ, ಒಲೆ, ಆಹಾರ ಎಲ್ಲವೂ ಬೆನ್ನಮೇಲೆ. ನಮ್ಮ ಪಾಲಿಗೆ ಬಂದದ್ದು ೧೦ ಕಿಲೋ. ಅರವತ್ತರ ಬೆನ್ನಿಗೆ ಅದು ಸಾಕು. ಹುಡುಗರು ನಮಗಿಂತ ಹೆಚ್ಚು ಹೊತ್ತರು.

ಗೃಹಿಣಿಯರಿಗೆ ಕುತೂಹಲವಾಗಬಹುದಾದ ಸಂಗತಿಯೊಂದುಂಟು. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಮೆಯಾಗಿ ನೀರು ಬೇಗನೆ ಕುದಿಯುತ್ತದೆ. ನಿಮಾಲಿಂಗ್ ಸುಮಾರು ೧೫,೭೦೦ ಅಡಿ ಎತ್ತರದಲ್ಲಿದೆ; ಅಲ್ಲಿ ನೀರು ೮೪ ಡಿಗ್ರಿಯ ಸುಮಾರಿಗೇ ಕುದಿದುಬಿಡುವುದು. ಕುದಿಯಿತೆಂದು ಸಂತೋಷಪಡುವಂತಿಲ್ಲ, ಏಕೆಂದರೆ ಅದಕ್ಕಿಂತ ಹೆಚ್ಚಿನ ಕಾವು ಆ ನೀರಿಗೆ ಬಾರದು. ತೆರೆದ ಪಾತ್ರೆಯಲ್ಲಿ ಬೇಳೆಯನ್ನಿಟ್ಟು ಎಷ್ಟು ಹೊತ್ತು ಕಾದರೂ ಅದು ಬೇಳೆಯಾಗಿಯೇ ಉಳಿಯುತ್ತದೆ. ಸೌದೆಯೆಂಬುದಂತೂ ಇಲ್ಲವೇ ಇಲ್ಲ. ಕುರುಬರು ಯಾಕಿನ ಸಗಣಿಯನ್ನು ಒಣಗಿಸಿ ಉರಿಸುತ್ತಾರೆ. ಅದು ಅವರ ಚಳಿಗಾಲದ ಸಂಗ್ರಹವಾದ್ದರಿಂದ ಪ್ರಯಾಣಿಕರು ಮುಟ್ಟತಕ್ಕದ್ದಲ್ಲ. ಆದಕಾರಣ ನಾವು ಅವಲಕ್ಕಿ, ಒಣ ದ್ರಾಕ್ಷಿ, ಲೇಹ್ ಪೇಟೆಯ ಒಣ ಜರ್ದಾಳು ಇವನ್ನೇ ನೆಚ್ಚಿಕೊಂಡೆವು. ಮಾರ್ಗದರ್ಶಕನು ಜವೆಯ ಹುರಿಹಿಟ್ಟನ್ನು ಚಹಾದಲ್ಲಿ ಕಲಸಿ ಉಂಡೆಮಾಡಿ ತಿನ್ನುತ್ತಿದ್ದನು. ಋಗ್ವೇದದಲ್ಲಿಯೇ ಹೆಸರು ಬಂದಿರುವ ‘ಸಕ್ತು’ವು ಇಂಥದೇ ಹಿಟ್ಟೆಂದು ನಾವು ಅವನಿಗೆ ಹೇಳಿದಾಗ ಅವನು ನಕ್ಕು ಇನ್ನೊಂದು ಉಂಡೆಯನ್ನು ಕೊಟ್ಟನು. ತಂಗಿಯು ಕಟ್ಟಿಕೊಟ್ಟಿದ್ದ ಸಾರಿನ ಪುಡಿ, ತೊಗರಿಬೇಳೆಗಳ ಗಂಟು ಮಾತ್ರ ಚೀಲದ ತಳದಲ್ಲಿ ನಿರುಪಯುಕ್ತವಾಗಿ ಬಿದ್ದಿತ್ತು.

ಲೇಹ್‌ನಲ್ಲಿ ಮೂರು ದಿನ ವಿಶ್ರಮಿಸಿ, ಬಳಿಕ ಕಣಿವೆಯಲ್ಲಿ ಮೆಲ್ಲಮೆಲ್ಲನೆ ಮೇಲೇರಿದೆವು. ಹತ್ತು ಸಾವಿರ ಅಡಿಯಿಂದಾಚೆಗೆ, ಮಲಗುವ ಸ್ಥಳವನ್ನು ದಿನಕ್ಕೆ ೧,೬೦೦ ಅಡಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರ ವಿಧಿ. ತೊರೆಗಳನ್ನು ಬೆಳಗ್ಗೆಯೇ ದಾಟಬೇಕು. ಬಿಸಿಲೇರಿ ಮೇಲಿನ ಹಿಮವು ಕರಗಿದಂತೆ, ಮುಂಜಾನೆ ಮೊಣಕಾಲುದ್ದವಿದ್ದ ನೀರು ಮಧ್ಯಾಹ್ನಕ್ಕೆ ತೊಡೆಯನ್ನು ಮುಟ್ಟುತ್ತದೆ. ಒಣಗಿದ ಹಳ್ಳದ ಮರಳು ಎಷ್ಟೇ ಮೆತ್ತಗಿರಲಿ, ಅಲ್ಲಿ ಗುಡಾರ ಹೂಡುವುದು ಸಲ್ಲದು. ೨೦೧೦ರ ಆಗಸ್ಟ್ ತಿಂಗಳ ಒಂದು ರಾತ್ರಿ ಇದೇ ಮಳೆಯಿಲ್ಲದ ಸೀಮೆಯಲ್ಲಿ ಮೇಘಸ್ಫೋಟವಾಗಿ, ಬೋಳುಬೆಟ್ಟಗಳಿಂದ ಕೆಸರಿನ ಪ್ರವಾಹವಿಳಿದು ೨೦೦ಕ್ಕೂ ಹೆಚ್ಚು ಜನ ಸತ್ತರು. ಹಿಡಿದು ನಿಲ್ಲಿಸುವ ಬೇರುಗಳು ಆ ಮಣ್ಣಿನಲ್ಲಿಲ್ಲ.

ಕಣಿವೆಯ ಕೊನೆಯ ಹಳ್ಳಿ ಹಂಕರ್. ಅಲ್ಲಿಂದ ಮೇಲೆ ತಾಚುಂಗ್‌ತ್ಸೆ ಎಂಬಲ್ಲಿ ಒಂದು ರಾತ್ರಿಯನ್ನು ಕಳೆದು, ಮರುದಿನ ನಿಮಾಲಿಂಗನ್ನು ಮುಟ್ಟಿದೆವು. ಎದುರಿಗೆ ೨೧,೦೦೦ ಅಡಿಯ ಕಾಂಗ್ ಯಾತ್ಸೆ ಶಿಖರ. ಕೆಳಗೆ ಕಂಬಳಿ ಹಾಸಿದಂತೆ ಗಿಡ್ಡ ಹುಲ್ಲು. ಬಿಲದ ಬಾಯಲ್ಲಿ ನಿಂತು ಸಿಳ್ಳು ಹಾಕುವ ಮಾರ್ಮಟ್ ಎಂಬ ದಢೂತಿ ಪ್ರಾಣಿಗಳು. ಬೇಸಗೆಯಲ್ಲಿ ಕಣಿವೆಯ ಜನರು ಕುರಿ, ಮೇಕೆ, ಯಾಕುಗಳನ್ನು ಅಲ್ಲಿಗೆ ಹೊಡೆದುಕೊಂಡು ಬಂದು ಕಲ್ಲಿನ ದೊಡ್ಡಿಗಳಲ್ಲಿರುತ್ತಾರೆ. ನಾವು ಅವರ ನೆಲೆಗಳನ್ನು ದಾಟಿ, ತೊರೆಯಿಂದ ದೂರವಾಗಿ ಗುಡಾರವೆತ್ತಿದೆವು. ಆ ಶೀತದಲ್ಲಿ, ಆ ಶುಷ್ಕತೆಯಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ. ಹಣ್ಣಿನ ಸಿಪ್ಪೆಯೊಂದನ್ನು ಎಸೆದರೆ ಬಹುಕಾಲ ಬಿದ್ದಿರುತ್ತದೆ. ಆದುದರಿಂದ ಕಸಕ್ಕೆಂದು ಒಂದು ಚೀಲವನ್ನು ಬೇರೆಯಾಗಿ ಇಟ್ಟಿದ್ದೆವು. ಮರುದಿನ ೧೭,೦೦೦ ಅಡಿ ಮೀರಿದ ಕೊಂಗ್ಮಾರು ಲಾ ಕಣಿವೆದಾರಿಯನ್ನು ದಾಟಿ ಆಚೆ ಇಳಿಯುವುದೆಂದು ನಿಶ್ಚಯವಾಗಿದ್ದಿತು.

ಅಂದು ಅನಂತಚತುರ್ದಶಿ. ಇಂಥ ಬೆಳುದಿಂಗಳನ್ನು ನಾವು ಕಂಡಿರಲಿಲ್ಲ, ಕಲ್ಲುಕಲ್ಲಿಗೂ ನೆರಳಿದ್ದಿತು. ಆದರೆ ತಂಗಿಯ ಮಗನು ಊಟ ಬೇಡವೆಂದು ಒಳಗೆ ಮಲಗಿದ್ದನು. “ಆಯಾಸ ಅಷ್ಟೆ, ಮಾವ. ಬೆಳಗ್ಗೆ ಸರಿಹೋಗುತ್ತೆ,” ಎಂದನು. ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಹಂಕರ್ ಬಿಟ್ಟಾಗಿನಿಂದಲೂ ಅವನಿಗೆ ತಲೆನೋವಿತ್ತೆಂದೂ, ಪ್ರಯಾಣ ನಿಂತೀತೆಂದು ಹೇಳಲಿಲ್ಲವೆಂದೂ ಆಗ ಗೆಳೆಯರಿಂದ ತಿಳಿಯಿತು.

ಮಾರ್ಗದರ್ಶಕನು ಮಾತನಾಡದೆ ನೆಲದಮೇಲೆ ಕೋಲಿನಿಂದ ಒಂದು ಗೆರೆಯನ್ನೆಳೆದು, ಒಂದು ಹೆಜ್ಜೆಯ ಬೆರಳಿಗೆ ಮತ್ತೊಂದರ ಹಿಮ್ಮಡಿಯನ್ನು ತಾಗಿಸುತ್ತ ಅದರ ಮೇಲೆ ನಡೆಯಹೇಳಿದನು. ಇಪ್ಪತ್ತನಾಲ್ಕು ವರ್ಷದ, ನಿನ್ನೆ ನಮ್ಮ ಚೀಲವನ್ನೂ ಹೊತ್ತಿದ್ದ ಹುಡುಗನು, ನಾಲ್ಕನೆಯ ಹೆಜ್ಜೆಗೆ ಪಕ್ಕಕ್ಕೆ ವಾಲಿದನು. ಮತ್ತೆ ನಡೆದನು; ಮತ್ತೆ ವಾಲಿದನು. ಪ್ರಾಣವಾಯುವಿನ ಕೊರತೆಯಿಂದ ಮಿದುಳಿನಲ್ಲಿ ಊತ ತೊಡಗಿರುವ ಲಕ್ಷಣವಿದು. ಬೆಳಗಿನವರೆಗೆ ಕಾಯುವುದು ಪ್ರಾಣಾಂತಿಕವಾಗಬಹುದು. ಮಾತ್ರೆಗಳು ಸಹಾಯಮಾಡಿಯಾವು, ನಿಜವಾದ ಚಿಕಿತ್ಸೆ ಕೆಳಗಿಳಿಯುವುದೊಂದೇ.

“ಈಗಲೇ,” ಎಂದನು ಮಾರ್ಗದರ್ಶಕ.

ಗೆಳೆಯರಿಬ್ಬರನ್ನೂ ಗುಡಾರದಲ್ಲಿ ಬಿಟ್ಟು ಮೂವರೂ ಹೊರಟೆವು. ಒಂದು ಕಡೆ ಅವನು, ಒಂದು ಕಡೆ ನಾವು, ನಡುವೆ ಹುಡುಗ. ಅವನು ನಡುನಡುವೆ ಕುಳಿತುಬಿಡುತ್ತಿದ್ದನು. ಹೆಸರು ಕೇಳಿದರೆ ತಡೆದು ಹೇಳುತ್ತಿದ್ದನು. ನಾವು ಬಾಯಿಗೆ ಬಂದ ಪ್ರಶ್ನೆಗಳನ್ನೆಲ್ಲ ಕೇಳುತ್ತ ಅವನನ್ನು ಎಚ್ಚರವಾಗಿಟ್ಟೆವು: ತಾಯಿಯ ತವರು ಯಾವುದು, ಏಳರ ಮಗ್ಗಿಯೇನು, ರಾಮಶಬ್ದದ ತೃತೀಯಾ ಏಕವಚನವೇನು. ಕೊನೆಯದಕ್ಕೆ ಅವನಿಗೆ ಚಿಕ್ಕಂದಿನಲ್ಲಿಯೂ ಉತ್ತರ ಬರುತ್ತಿರಲಿಲ್ಲ. ನಾಲ್ಕು ಗಂಟೆಗಳ ತರುವಾಯ, ೧,೫೦೦ ಅಡಿಗೂ ಹೆಚ್ಚು ಕೆಳಗೆ, ತಾಚುಂಗ್‌ತ್ಸೆಯ ಕಲ್ಲುಗೋಡೆಯ ಮರೆಯಲ್ಲಿ ಕುಳಿತಿದ್ದಾಗ ಅವನು ತಾನಾಗಿ, “ಮಾವ, ರಾಮೇಣ ಅಲ್ಲವೇ?” ಎಂದನು. ನಾವು ಮುಖವನ್ನು ಆಚೆಗೆ ತಿರುಗಿಸಿಕೊಂಡೆವು.

ಬೆಳಗಾದ ಮೇಲೆ ಹಂಕರ್‌ಗೆ ಇಳಿದು ಒಂದು ಮನೆಯಲ್ಲಿ ಇಳಿದುಕೊಂಡೆವು. ಆ ಮನೆಯ ಮುದುಕಿಯನ್ನು ಎಲ್ಲರೂ ಅಬಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಸಂಜೆಗೆ ಗೆಳೆಯರಿಬ್ಬರೂ ಗುಡಾರಗಳನ್ನೂ, ನಮ್ಮ ಚೀಲಗಳನ್ನೂ, ಕಸದ ಚೀಲವನ್ನೂ ಹೊತ್ತು ಬಂದು ಮುಟ್ಟಿದರು. ಮಲಗಿದ್ದ ಹುಡುಗನು ಎದ್ದು ಕುಳಿತು, ತಿಳಿಸಾರು ಸಿಕ್ಕೀತೇ ಎಂದು ಕೇಳಿದನು. ಅಬಿಯ ಅಡಿಗೆಮನೆಯಲ್ಲಿ ಕುಕ್ಕರು ಇದ್ದಿತು. ಚೀಲದ ತಳದ ಗಂಟನ್ನು ಬಿಚ್ಚಿ ಬೇಳೆಯನ್ನಿಟ್ಟೆವು. ಹತ್ತು ಸಲ ಕೂಗಿದ ಮೇಲೆ ಬೆಂದಿತು. ಅಬಿಯೂ ಒಂದು ಬಟ್ಟಲು ಸಾರನ್ನು ಕುಡಿದು, ಕಣ್ಣೂ ಮೂಗೂ ಒರಸಿಕೊಂಡು, ಬಟ್ಟಲನ್ನು ಮತ್ತೆ ಮುಂದೆ ಹಿಡಿದಳು.