ಗಾಯ ಕಾಣದಿದ್ದರೆ ಮಗು ಸುಳ್ಳು ಹೇಳಿತೇ?

"ಮಗೂಗೆ ಮೆಡಿಕಲ್ ಮಾಡಿಸ್ಬೇಕಮ್ಮ" ಎಂದು ಠಾಣೆಯಲ್ಲಿ ಹೇಳಿದ ಮೇಲೆ, ಹನೂರಿನ ಆಚೆಯ ಹಳ್ಳಿಯಿಂದಲೋ ಯಳಂದೂರಿನಿಂದಲೋ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಬಸ್ಸು ಹತ್ತುವ ತಾಯಿಗೆ ಎರಡು ಭಯ. ಒಳಗೆ ಮಗುವಿಗೆ ಏನು ಮಾಡಿಬಿಡುತ್ತಾರೋ ಎಂಬುದು ಮೊದಲನೆಯದು. ಎರಡನೆಯದು ರಿಪೋರ್ಟಿನ ಭಯ. ಅದರಲ್ಲಿ ಗಾಯದ ಗುರುತಿಲ್ಲ ಎಂದು ಬರೆದಿದ್ದರೆ ಸಾಕು, "ಏನೂ ಆಗಿಲ್ಲ, ಮಗು ಸುಳ್ಳು ಹೇಳ್ತು" ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪು ತಪ್ಪು. ತಪ್ಪೆಂದು ವೈದ್ಯರಿಗೇ ತಿಳಿದದ್ದು ತೀರಾ ಈಚೆಗೆ.

1946ರಲ್ಲಿ ಅಮೆರಿಕದ ವೈದ್ಯ ಜಾನ್ ಕ್ಯಾಫಿ ಆರು ಹಸುಗೂಸುಗಳ ಎಕ್ಸ್‌ರೇಗಳಲ್ಲಿ 23 ಮೂಳೆಮುರಿತ ಕಂಡರು. ಕಾರಣ ಯಾರೂ ಹೇಳಲಿಲ್ಲ. 1962ರಲ್ಲಿ ಹೆನ್ರಿ ಕೆಂಪೆ ಮತ್ತು ಸಂಗಡಿಗರು, ಇಂಥವು ಮನೆಯಲ್ಲೇ ಬಿದ್ದ ಹೊಡೆತದ ಗುರುತುಗಳು ಎಂದು ಬಾಯಿಬಿಟ್ಟು ಹೇಳಿದರು. ಹೊಡೆತಕ್ಕೆ ಮೂಳೆ ಸಾಕ್ಷಿ ನುಡಿದ ಹಾಗೆ ಲೈಂಗಿಕ ದೌರ್ಜನ್ಯಕ್ಕೂ ಮೈಯಲ್ಲಿ ಒಂದು ಗುರುತು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಆಮೇಲೆ ಬೆಳೆಯಿತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1987ರಲ್ಲಿ, ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಪ್ರಾಂತದಲ್ಲಿ. ಕೆಲವೇ ತಿಂಗಳಲ್ಲಿ 121 ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂದು ಅಲ್ಲಿನ ಮಕ್ಕಳ ವೈದ್ಯರು ತೀರ್ಮಾನಿಸಿದ್ದರು. ಗುದದ್ವಾರ ಹಿಗ್ಗುವ ಒಂದು ಲಕ್ಷಣಕ್ಕೆ ಅದರಲ್ಲಿ ದೊಡ್ಡ ಪಾತ್ರವಿತ್ತು. ನ್ಯಾಯಾಲಯಗಳು ಹೆಚ್ಚಿನ ಮಕ್ಕಳನ್ನು ಮನೆಗೆ ಕಳಿಸಿದವು. ಹಾಗಾದರೆ ಏನೂ ಆಗದ ಮಕ್ಕಳಲ್ಲಿ ಆ ಲಕ್ಷಣ ಇರುವುದೇ ಇಲ್ಲವೇ? ಅಲ್ಲಿಯವರೆಗೆ ಯಾರೂ ಸರಿಯಾಗಿ ಎಣಿಸಿ ನೋಡಿರಲಿಲ್ಲ.

ಎಣಿಸಿದವರು ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ವೈದ್ಯ ಜಾನ್ ಮೆಕ್ಯಾನ್. ದೌರ್ಜನ್ಯದ ಸುಳಿವೇ ಇಲ್ಲದ ಮಕ್ಕಳನ್ನು ಆರಿಸಿ, ದೊಡ್ಡದು ಮಾಡಿ ತೋರಿಸುವ ಕಾಲ್ಪೊಸ್ಕೋಪಿನಿಂದ ನೋಡಿದರು. 1989ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅಂಥ 267 ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಆ ಹಿಗ್ಗುವಿಕೆ ಇತ್ತು. ಇಷ್ಟು ಸರಳವಾದ ಕೆಲಸ ಮೊದಲೇ ಆಗಿದ್ದರೆ ಎಷ್ಟು ಮನೆಗಳ ಸಂಕಟ ತಪ್ಪುತ್ತಿತ್ತೋ ಎನಿಸುತ್ತದೆ.

ಅದೇ ನಗರದಲ್ಲಿ ವೈದ್ಯೆ ಜಾಯ್ಸ್ ಆಡಮ್ಸ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ದೌರ್ಜನ್ಯ ನ್ಯಾಯಾಲಯದಲ್ಲಿ ಸಾಬೀತಾದ ಮಕ್ಕಳ ಮೈಯಲ್ಲಿ ಏನು ಕಂಡಿತ್ತು? ಅಂಥ 236 ಮಕ್ಕಳ ಪೈಕಿ ಹುಡುಗಿಯರಲ್ಲಿ ಜನನಾಂಗದ ಸ್ಪಷ್ಟ ಅಸಹಜತೆ ಇದ್ದದ್ದು ಶೇ 14ರಷ್ಟು ಮಂದಿಗೆ ಮಾತ್ರ. ಇದು ಪ್ರಕಟವಾದದ್ದು 1994ರಲ್ಲಿ. ಹತ್ತು ವರ್ಷದ ನಂತರ ನ್ಯಾನ್ಸಿ ಕೆಲಾಗ್ ಮತ್ತು ಸಂಗಡಿಗರು 36 ಗರ್ಭಿಣಿ ಹದಿಹರೆಯದವರ ದಾಖಲೆ ನೋಡಿದರು. ಗರ್ಭವೇ ನಿಂತಿದ್ದರೂ ಸ್ಪಷ್ಟ ಗುರುತು ಇದ್ದದ್ದು ಇಬ್ಬರಲ್ಲಿ. ಬಾಯೊಳಗೆ ಹಲ್ಲು ತಾಗಿ ಆದ ಗಾಯ ನಾಲ್ಕು ದಿನಕ್ಕೆ ಗುರುತೇ ಇಲ್ಲದೆ ಮಾಯುವುದಿಲ್ಲವೇ, ಆ ಜಾಗದ ಗಾಯವೂ ಹಾಗೆಯೇ ಬೇಗ ಮಾಯುತ್ತದೆ. ಎಷ್ಟೋ ದೌರ್ಜನ್ಯದಲ್ಲಿ ಗಾಯವೇ ಆಗುವುದಿಲ್ಲ. ಮಗು ಬಾಯಿಬಿಡುವ ಹೊತ್ತಿಗೆ ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ.

ಈಗ ಮೊದಲ ಭಯಕ್ಕೆ ಬರೋಣ. ಸರಿಯಾಗಿ ನಡೆದರೆ ತಪಾಸಣೆ ಹೀಗಿರುತ್ತದೆ. ಡಾಕ್ಟರು ಮೊದಲು ಮಾತಾಡಿಸುತ್ತಾರೆ. ತಲೆ, ಕಿವಿ, ಬಾಯಿ, ಕೈಕಾಲು ನೋಡುತ್ತಾರೆ. ಪುಟ್ಟ ಮಗುವಾದರೆ ಅಮ್ಮನ ಮಡಿಲಲ್ಲೇ ಮಂಡಿ ಮಡಚಿ ಕೂರಿಸಿಕೊಂಡು, ಕೊನೆಯಲ್ಲಿ, ಆ ಭಾಗವನ್ನು ಹೊರಗಿನಿಂದ ನೋಡುತ್ತಾರೆ. ಬೇಕಿದ್ದರೆ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯುತ್ತಾರೆ. ಬೆರಳು ಹಾಕಿ ನೋಡುವ 'ಎರಡು ಬೆರಳಿನ ಪರೀಕ್ಷೆ' ಮಾಡುವಂತಿಲ್ಲ. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಅದನ್ನು ನಿಷೇಧಿಸಿದೆ. ಮಾಡಿದವರು ದುರ್ನಡತೆ ಎಸಗಿದಂತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 27ನೇ ಕಲಮಿನ ಪ್ರಕಾರ ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ನೋಡಬೇಕು. ತಂದೆ, ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಎಫ್‌ಐಆರ್ ಆಗಿಲ್ಲವೆಂದು ತಪಾಸಣೆ ನಿಲ್ಲಿಸುವಂತಿಲ್ಲ. ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ. ನೀವು ನೇರ ಆಸ್ಪತ್ರೆಗೆ ಹೋದರೂ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಕಾನೂನಿನ ಹೊಣೆ. ಅದಕ್ಕೆ ಗಾಬರಿಯಾಗಬೇಡಿ.

ಗೋಪಿನಾಥಂ, ಬಿಳಿಗಿರಿರಂಗನ ಬೆಟ್ಟದಂಥ ಕಾಡಂಚಿನ ಊರವರಿಗೆ ಒಂದು ಮಾತು. ಎಚ್‌ಐವಿ ತಡೆಯುವ ಔಷಧಿ ಶುರು ಮಾಡಲು ದೌರ್ಜನ್ಯ ನಡೆದಾಗಿನಿಂದ 72 ಗಂಟೆಯ ಗಡುವಿದೆ. ಸ್ನಾನ ಮಾಡಿಸುವ ಮೊದಲೇ ಹೊರಡಿ. ಬಟ್ಟೆಯನ್ನು ಒಗೆಯದೆ, ಪ್ಲಾಸ್ಟಿಕ್ ಕವರಿಗೆ ಹಾಕದೆ, ಕಾಗದದಲ್ಲಿ ಸುತ್ತಿ ತನ್ನಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತಿಂಗಳು ಕಳೆದಿದ್ದರೂ ಬನ್ನಿ, ಆರೈಕೆ ಸಿಗುತ್ತದೆ. ರಿಪೋರ್ಟಿನಲ್ಲಿ ಗಾಯವಿಲ್ಲ ಎಂದಿದ್ದರೆ ದಯವಿಟ್ಟು ಮಗುವನ್ನು ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಅದು ಮೊದಲ ಸಲ ಹೇಳಿದ್ದನ್ನು ನಂಬಿ.